ಟೈಲರಮ್ಮನ ಬಲತೋಳು

ನನ್ನ ಬಳಿ ಬರುವ ಹೆಂಗಸರು ಸುಳ್ಳು ಹೇಳುತ್ತಾರೆ. ಕೆಟ್ಟವರು ಎಂದಲ್ಲ. "ಭಾರ ಎತ್ತಿದ್ರಾ?" ಎಂದರೆ "ಅಯ್ಯೋ ಇಲ್ಲಮ್ಮ" ಎನ್ನುತ್ತಾರೆ, ಸೊಂಟದ ಹತ್ತಿರ ಸೀರೆ ಬಿಂದಿಗೆಯ ನೀರಿನಲ್ಲಿ ನೆಂದಿರುತ್ತದೆ. "ದಿನಾ ವ್ಯಾಯಾಮ ಮಾಡ್ತೀರಾ?" ಎಂದರೆ "ತಪ್ಪಿಸೋದೇ ಇಲ್ಲ" ಎನ್ನುತ್ತಾರೆ, ತೋಳು ಎತ್ತಿ ತೋರಿಸಿ ಎಂದರೆ ಕಿವಿಯ ತನಕವೂ ಬರುವುದಿಲ್ಲ. ಹಾಗಾಗಿ ಕಿವಿಯಿಂದ ಮಾತು ಕೇಳುತ್ತಾ ಕಣ್ಣಿನಿಂದ ಕೈ ನೋಡುವುದನ್ನು ರೂಢಿ ಮಾಡಿಕೊಂಡಿದ್ದೇನೆ. ಉಗುರು, ಅಂಗೈ, ಬಳೆ, ರವಿಕೆಯ ಅಂಚು, ಯಾವುದನ್ನೂ ಬಿಡುವುದಿಲ್ಲ. ಮನೆಯಲ್ಲಿ ನನ್ನನ್ನು ಪೊಲೀಸ್ ಎಂದು ಕರೆಯುತ್ತಾರೆ.

ನಾನು ಫಿಸಿಯೋಥೆರಪಿಸ್ಟ್. ಸ್ತನ ಕ್ಯಾನ್ಸರಿಗೆ ಆಪರೇಷನ್ ಮಾಡಿಸಿಕೊಂಡು ದೊಡ್ಡ ಊರಿನ ಆಸ್ಪತ್ರೆಗಳಿಂದ ಮನೆಗೆ ಮರಳಿದ ಹೆಂಗಸರಿಗೆ ಆ ಬದಿಯ ಕೈಯನ್ನು ಕಾಪಾಡಿಕೊಳ್ಳುವುದನ್ನು ಕಲಿಸುವುದು ನನ್ನ ಕೆಲಸ. ಒಂದು ಸೇವಾ ಸಂಸ್ಥೆಯ ಪರವಾಗಿ ಕಡೂರು, ತರೀಕೆರೆ, ಅಜ್ಜಂಪುರದ ಆಸ್ಪತ್ರೆಗಳಿಗೆ ಸರದಿಯ ಮೇಲೆ ಹೋಗುತ್ತೇನೆ. ಆಪರೇಷನ್ನಿನಲ್ಲಿ ಕಂಕುಳಿನ ಗ್ರಂಥಿಗಳನ್ನೂ ತೆಗೆದಿರುತ್ತಾರೆ. ತೋಳಿನೊಳಗಿನ ನೀರು ಮೇಲಕ್ಕೆ ಹರಿದು ಹೋಗುವ ದಾರಿ ಅದೇ. ಅಜ್ಜಂಪುರದಲ್ಲಿ ಇದನ್ನು ವಿವರಿಸುವುದು ಸುಲಭ. ಬುಕ್ಕಾಂಬುಧಿ ಕೆರೆಯ ತೂಬು ಅರ್ಧ ಮುಚ್ಚಿದರೆ ಏನಾಗುತ್ತದೆ ಎಂದು ಕೇಳಿದರೆ ಸಾಕು, ಮುಂದಿನದನ್ನು ಅವರೇ ಹೇಳುತ್ತಾರೆ. ಒಂದು ಗಾಯ ಕೀವಾದರೆ, ಒಂದು ಬಳೆ ಬಿಗಿಯಾದರೆ ನೀರು ನಿಂತುಬಿಡಬಹುದು. ಮೊದಮೊದಲು ಒತ್ತಿದರೆ ಗುಳಿ ಬೀಳುವ ಮೆತ್ತಗಿನ ಊತ. ಆಗ ಹಿಡಿದರೆ ಇಳಿಸಬಹುದು. ಬಿಟ್ಟರೆ ಒಳಗೆ ಗಟ್ಟಿಯಾಗಿ ಕೈ ಜನ್ಮಕ್ಕೂ ಭಾರವಾಗುತ್ತದೆ.

ಟೈಲರಮ್ಮ ಸಖರಾಯಪಟ್ಟಣದವಳು. ಮನೆಯವರಿಗೆ ತೆಂಗಿನ ತೋಟ, ಮಳೆ ನಂಬಿದ ಒಂದಿಷ್ಟು ಬೆದ್ದಲು ಹೊಲ. ಆಕೆ ಮಾತ್ರ ಊರ ಹೆಂಗಸರಿಗೆಲ್ಲ ರವಿಕೆ ಹೊಲಿದುಕೊಡುತ್ತಿದ್ದಳು. ಆಪರೇಷನ್ ಆಗಿದ್ದು ಬಲಗಡೆಗೆ. ಕಡೂರಿನ ಮೊದಲ ಪಾಠದಲ್ಲೇ ಆಕೆ ಕೇಳಿದ ಪ್ರಶ್ನೆ ಒಂದೇ.

"ಮೇಡಂ, ಕತ್ತರಿ ಹಿಡಿಯೋಕಾಗತ್ತಾ?"

"ನಾನು ಹೇಳಿದ ಹಾಗೆ ಕೇಳಿದ್ರೆ ಆಗತ್ತೆ."

ಆಕೆ ತಲೆಯಾಡಿಸಿದಳು. ಅವಳ ಜೊತೆ ಬಂದಿದ್ದ ಅತ್ತೆ ಒಳಗೆ ಬರದೆ ಬಾಗಿಲಲ್ಲೇ ಕೂತಿದ್ದರು. ಸಣ್ಣ ಮೈಯ, ಗಟ್ಟಿ ಮುದುಕಿ. ಎಲೆಅಡಿಕೆ ಚೀಲವನ್ನು ಯಾರಾದರೂ ಕಿತ್ತುಕೊಂಡು ಹೋಗುತ್ತಾರೇನೋ ಎಂಬಂತೆ ಮಡಿಲಲ್ಲಿ ಅವುಚಿಕೊಂಡು, ನನ್ನ ಕೈ ಎಲ್ಲಿ ಹೋದರೆ ಅಲ್ಲಿಗೆ ಕಣ್ಣು ಹಾಯಿಸುತ್ತಿದ್ದರು.

ಪಾಠ ಶುರುಮಾಡಿದೆ. ಆ ಕೈಗೆ ಇಂಜೆಕ್ಷನ್ ಚುಚ್ಚಿಸಿಕೊಳ್ಳಬಾರದು, ಬಿಪಿ ಪಟ್ಟಿ ಕಟ್ಟಿಸಿಕೊಳ್ಳಬಾರದು. ಹುಲ್ಲು ಕೊಯ್ಯುವಾಗ, ಪಾತ್ರೆ ಉಜ್ಜುವಾಗ ಕೈಗವಸು ಹಾಕಬೇಕು. ಮುಳ್ಳು ಚುಚ್ಚಿದರೂ ಸೋಪಿನಲ್ಲಿ ತೊಳೆದು ಮುಲಾಮು ಹಚ್ಚಬೇಕು. ಮಲಗುವಾಗ ತೋಳಿನ ಕೆಳಗೆ ದಿಂಬು ಇಡಬೇಕು. ಬಳೆಯಾಗಲಿ, ರವಿಕೆಯ ತೋಳಾಗಲಿ, ಒಳಗೆ ಎರಡು ಬೆರಳು ಸಲೀಸಾಗಿ ತೂರಬೇಕು. ತೂರದಿದ್ದರೆ ಅದು ಬಿಗಿ. ಆಮೇಲೆ ಗೋಡೆಯ ಮೇಲೆ ಬೆರಳು ನಡೆಸುವುದು, ಮುಷ್ಟಿ ಬಿಗಿದು ಬಿಡುವುದು, ಉಸಿರು ಆಳವಾಗಿ ಎಳೆದು ಬಿಡುವುದು.

ಕೊನೆಗೆ ಅಳತೆ. ನಾನು ಟೇಪು ಹಿಡಿದು ಬರೆದುಕೊಳ್ಳುತ್ತೇನೆ. ಟೇಪಿನ ಅಂಕಿ ಎಲ್ಲರಿಗೂ ಒಗ್ಗುವುದಿಲ್ಲ, ಅದಕ್ಕೆ ನಾನು ದಾರ ಕೊಡುತ್ತೇನೆ. ಕೈ ಚೆನ್ನಾಗಿರುವಾಗಲೇ ಮೊಣಕೈಗಿಂತ ಒಂದು ಗೇಣು ಮೇಲೆ ಹತ್ತಿ ದಾರ ಸುತ್ತಿ, ತೋಳಿನ ಸುತ್ತಳತೆಗೆ ಸರಿಯಾಗಿ ಎರಡು ಗಂಟು ಹಾಕಿ, ಹಿಡಿದುಕೊಳ್ಳಲು ಗಂಟಿನಾಚೆ ಚೂರು ಬಾಲ ಬಿಡುತ್ತೇನೆ. ವಾರಕ್ಕೊಮ್ಮೆ ಅದೇ ಜಾಗಕ್ಕೆ ಸುತ್ತಿ ನೋಡಬೇಕು. ಎರಡು ಗಂಟು ಒಂದಕ್ಕೊಂದು ಮುಟ್ಟಿದರೆ ಕೈ ಸರಿಯಾಗಿದೆ, ನಡುವೆ ಸಂದು ಬಿಟ್ಟರೆ ನನ್ನ ಹತ್ತಿರ ಬರಬೇಕು. ಎಲ್ಲರಿಗೂ ಕಾಣಲಿ ಎಂದು ಟೈಲರಮ್ಮನ ತೋಳಿಗೇ ಸುತ್ತಿ, ಜಾರದಿರಲೆಂದು ಬಾಲಗಳನ್ನು ಸಡಿಲವಾಗಿ ಕಟ್ಟಿ ತೋರಿಸಿದೆ. ಅಷ್ಟರಲ್ಲಿ ಬಸ್ಸಿಗೆ ಹೊತ್ತಾಯಿತೆಂದು ಅತ್ತೆ ಸೊಸೆಯನ್ನು ಎಬ್ಬಿಸಿಕೊಂಡು ಹೊರಟೇಬಿಟ್ಟರು.

ಮುಂದಿನ ಭೇಟಿಗೆ ಬಂದಾಗ ತೋಳು ಸುತ್ತಳತೆಯಲ್ಲಿ ಚೂರು ಹೆಚ್ಚಾಗಿತ್ತು. ಅದರ ಮುಂದಿನ ಭೇಟಿಗೆ ಇನ್ನೂ ಹೆಚ್ಚು. ಮೊದಲು ನಾನು ಅನುಮಾನಿಸಿದ್ದು ನನ್ನ ಟೇಪನ್ನೇ. ಬಟ್ಟೆಯ ಟೇಪು ಎಳೆದಾಡಿ ಎಳೆದಾಡಿ ಹಿಗ್ಗುತ್ತದೆ. ಹೊಸದು ತಂದು, ಸ್ಕೇಲಿನ ಪಕ್ಕ ಇಟ್ಟು ನೋಡಿ, ಮತ್ತೆ ಅಳೆದೆ. ಮಣಿಕಟ್ಟು, ಮುಂಗೈ, ಮೊಣಕೈ, ಎಲ್ಲ ಕಡೆಯೂ ಬಲಗೈ ದಪ್ಪ. ಹೆಬ್ಬೆರಳಿಂದ ಒತ್ತಿ ಬಿಟ್ಟರೆ ಗುಳಿ ಹಾಗೇ ನಿಂತಿತು.

ಕಿಟಕಿಯ ಬೆಳಕಿಗೆ ತೋಳನ್ನು ತಿರುಗಿಸಿದಾಗ ಮೇಲ್ತೋಳಿನಲ್ಲಿ ಒಂದು ಗೆರೆ ಕಂಡಿತು. ಸುತ್ತಲೂ ಬಂದ ಗೆರೆ. ಬೆರಳಾಡಿಸಿದರೆ ಚರ್ಮ ಅಲ್ಲಿ ತಗ್ಗಿತ್ತು.

"ಇದೇನು?"

"ರವಿಕೆದು ಮೇಡಂ."

ನಾನು ಕೇಳಿ ಮುಗಿಸುವ ಮೊದಲೇ ಉತ್ತರ ಬಂತು. ಅಷ್ಟು ಬೇಗ ಬರುವ ಉತ್ತರವನ್ನು ನಾನು ನಂಬುವುದಿಲ್ಲ. ರವಿಕೆಯ ತೋಳಿನೊಳಗೆ ಬೆರಳು ತೂರಿಸಿದೆ. ಎರಡಲ್ಲ, ಮೂರು ಹೋದವು. ಊರಿಗೆಲ್ಲ ಅಳತೆ ತೆಗೆದು ಹೊಲಿಯುವವಳು ತನ್ನ ರವಿಕೆಯನ್ನು ತಪ್ಪು ಹೊಲಿದುಕೊಳ್ಳುತ್ತಾಳೆಯೇ? ಆದರೂ ಇನ್ನಷ್ಟು ಸಡಿಲ ಮಾಡಿಕೊಳ್ಳಲು ಹೇಳಿ ಕಳಿಸಿದೆ. ಮತ್ತೆ ಬಂದಳು. ರವಿಕೆ ದೊಗಳೆಯಾಗಿತ್ತು, ಗೆರೆ ಮಾತ್ರ ಮೊದಲಿಗಿಂತ ಆಳವಾಗಿತ್ತು.

ಅವತ್ತು ಆಕೆಯ ಸೀರೆಯಿಂದ ಕೊಬ್ಬರಿಯ ಕಮಟು ವಾಸನೆ ಬರುತ್ತಿತ್ತು. ಅಟ್ಟದ ಕೊಬ್ಬರಿ ಇಳಿಸುವ ಕಾಲ. ಒಣ ಕಾಯಿಯ ಚಿಪ್ಪನ್ನು ಮಚ್ಚಿನ ಪೆಟ್ಟಿನಿಂದ ಬಿಡಿಸುವ ಕೆಲಸ ಆ ಕಡೆ ಮನೆಯ ಹೆಂಗಸರ ತಲೆಗೇ ಬರುತ್ತದೆ. ಒಂದೊಂದು ಪೆಟ್ಟೂ ಹೆಗಲ ತನಕ ಅದುರುತ್ತದೆ. ನನಗೆ ಎಲ್ಲ ಹೊಳೆದುಹೋಯಿತು ಎನಿಸಿತು.

"ಕೊಬ್ಬರಿ ಸುಲೀತಿದೀರಾ?"

ಉತ್ತರ ಬಾಗಿಲಿನಿಂದ ಬಂತು. "ಅವ್ಳು ಒಂದು ಹುಲ್ಲುಕಡ್ಡಿ ಎತ್ತಲ್ಲ ಕಣಮ್ಮ. ಎಲ್ಲಾ ನಾನೇ ಮಾಡೋದು."

"ನಾನು ಅವರನ್ನ ಕೇಳ್ದೆ."

"ಅವ್ಳನ್ನ ಕೇಳಿದ್ರೂ ಅದೇ, ನನ್ನ ಕೇಳಿದ್ರೂ ಅದೇ."

ಟೈಲರಮ್ಮ ತಲೆ ತಗ್ಗಿಸಿ ಸೆರಗಿನ ತುದಿ ಸುತ್ತುತ್ತಿದ್ದಳು. ಅತ್ತೆಯ ಕಣ್ಣು ತಪ್ಪಿಸಿ ಒಂದು ಮಾತು ಆಡಿಸೋಣವೆಂದರೆ ಮುದುಕಿ ನೀರು ಕುಡಿಯಲೂ ಏಳಲಿಲ್ಲ. ಸೊಸೆಯ ಕೈಯಲ್ಲಿ ಕೆಲಸ ಮಾಡಿಸಿ, ಬಾಯಿ ಬಿಡದಂತೆ ಕಾವಲು ಕೂರುವ ಅತ್ತೆಯರನ್ನು ನಾನು ಕಂಡಿದ್ದೇನೆ. ಇದೂ ಅದೇ ಎಂದು ತೀರ್ಮಾನಿಸಿ, ಆ ಮುದುಕಿಯನ್ನು ಕಂಡರೆ ಮೈ ಉರಿಯುವಷ್ಟಕ್ಕೆ ಬಂದಿದ್ದೆ.

ಆದರೆ ಊತಕ್ಕೆ ಇನ್ನೂ ಕೆಟ್ಟ ಕಾರಣಗಳಿರಬಹುದು. ರಕ್ತ ಹೆಪ್ಪುಗಟ್ಟಿರಬಹುದು, ಕಾಯಿಲೆ ಕಂಕುಳಲ್ಲಿ ಮತ್ತೆ ತಲೆ ಎತ್ತಿರಬಹುದು. ಅದನ್ನು ನಾನು ಊಹೆಯ ಮೇಲೆ ಬಿಡುವಂತಿಲ್ಲ. ಆಪರೇಷನ್ ಮಾಡಿದ ಸರ್ಜನ್ನಿಗೆ ಫೋನ್ ಮಾಡಿ ಟೈಲರಮ್ಮನನ್ನು ಕಳಿಸಿಕೊಟ್ಟೆ. ಸ್ಕ್ಯಾನ್ ಆಯಿತು. ಆ ಫಲಿತಾಂಶ ಬರುವ ತನಕ ನನಗೂ ಊಟ ರುಚಿಸಲಿಲ್ಲ. ಕೊನೆಗೆ ಸರ್ಜನ್ನೇ ಫೋನ್ ಮಾಡಿದರು.

"ಹೆಪ್ಪಿಲ್ಲ, ಗಂಟಿಲ್ಲ. ಬರೀ ನೀರು ನಿಂತಿದೆ. ಆದ್ರೆ ಇಷ್ಟು ಬೇಗ ಇಷ್ಟು ಊದಬಾರದಿತ್ತು. ಮನೇಲಿ ಏನು ಮಾಡ್ತಿದಾರೆ ಅಂತ ನೋಡಿ. ಹೀಗೇ ಬಿಟ್ರೆ ಗಟ್ಟಿಯಾಗ್ಬಿಡುತ್ತೆ, ಆಮೇಲೆ ನಾನೂ ಏನೂ ಮಾಡೋಕಾಗಲ್ಲ."

ಮಾರನೆಯ ದಿನವೇ ಯಾರಿಗೂ ಹೇಳದೆ ಕಡೂರಿನಲ್ಲಿ ಚಿಕ್ಕಮಗಳೂರು ಬಸ್ಸು ಹತ್ತಿ ಸಖರಾಯಪಟ್ಟಣದಲ್ಲಿ ಇಳಿದೆ. ಕಳ್ಳರನ್ನು ಮಾಲಿನ ಸಮೇತ ಹಿಡಿಯಬೇಕಲ್ಲ! ಟೈಲರಮ್ಮನ ಮನೆ ಎಂದರೆ ಊರಲ್ಲಿ ಎಲ್ಲರೂ ತೋರಿಸುತ್ತಾರೆ. ದೂರದಿಂದಲೇ ಮಚ್ಚಿನ ಸದ್ದು ಕೇಳಿಸಿತು. ನಾನು ದಾಪುಗಾಲು ಹಾಕಿದೆ.

ಅಂಗಳದಲ್ಲಿ ಚಿಪ್ಪಿನ ರಾಶಿಯ ನಡುವೆ ಮಚ್ಚು ಹಿಡಿದು ಕೂತಿದ್ದವರು ಅತ್ತೆ. ಒಬ್ಬರೇ. ಬೆವರಿನಿಂದ ರವಿಕೆ ಬೆನ್ನಿಗೆ ಅಂಟಿಕೊಂಡಿತ್ತು. ಜಗಲಿಯ ಮೇಲೆ ಟೈಲರಮ್ಮ ಗೋಡೆಗೆ ಒರಗಿ, ಬಲತೋಳನ್ನು ದಿಂಬಿನ ಮೇಲಿಟ್ಟು ಕೂತಿದ್ದಳು, ಥೇಟ್ ನಾನು ಹೇಳಿಕೊಟ್ಟ ಹಾಗೆ. ಹೊಲಿಗೆ ಮೆಷಿನ್ನಿಗೆ ಹಳೆಯ ಪಂಚೆ ಹೊದಿಸಿತ್ತು. ಅಂದರೆ ಮುದುಕಿ ಹೇಳಿದ್ದು ಅಕ್ಷರಶಃ ನಿಜ. ನನ್ನ ತೀರ್ಮಾನಗಳೆಲ್ಲ ಆ ಅಂಗಳದಲ್ಲಿ ಮುಗ್ಗರಿಸಿ ಬಿದ್ದವು.

"ಏನವ್ವಾ, ಇಷ್ಟು ದೂರ? ಹೇಳಿ ಕಳ್ಸಿದ್ರೆ ನಾವೇ ಬತ್ತಿರ್ಲಿಲ್ವಾ?" ಅತ್ತೆ ಮಚ್ಚು ಕೆಳಗಿಟ್ಟು ಎದ್ದರು. ದನಿಯಲ್ಲಿ ಮರ್ಯಾದೆ ಇತ್ತು, ಕಣ್ಣಲ್ಲಿ ಇರಲಿಲ್ಲ.

"ಈ ಕಡೆ ಬಂದಿದ್ದೆ," ಎಂದೆ. ಸುಳ್ಳು ಹೇಳುವುದು ರೋಗಿಗಳು ಮಾತ್ರ ಅಲ್ಲ.

ಅಷ್ಟರಲ್ಲಿ ಟೈಲರಮ್ಮ ಸರಕ್ಕನೆ ಸೆರಗು ಎಳೆದು ಬಲತೋಳಿನ ಮೇಲೆ ಹೊದ್ದುಕೊಂಡಳು. ಬಿಸಿಲಿಗೆ ಮೈ ಬೇಯುತ್ತಿರುವಾಗ ಯಾರು ಸೆರಗು ಹೊದೆಯುತ್ತಾರೆ?

"ಸೆರಗು ತೆಗೀರಿ."

ಆಕೆ ಅತ್ತೆಯ ಮುಖ ನೋಡಿದಳು. ನಾನೇ ಕೂತು ಸೆರಗು ಸರಿಸಿ, ರವಿಕೆಯ ತೋಳು ಮೇಲಕ್ಕೆತ್ತಿದೆ. ಅಲ್ಲಿ, ಗೆರೆ ಇದ್ದ ಜಾಗದಲ್ಲೇ, ಅರಿಶಿನ ಹಚ್ಚಿ ಹುರಿಮಾಡಿದ ದಪ್ಪ ದಾರ. ಮಾಂಸದೊಳಗೆ ಹೂತುಹೋಗಿತ್ತು. ಕೆಳಗಿನ ತೋಳು ಉಬ್ಬಿ ಹೊಳೆಯುತ್ತಿತ್ತು. ಎರಡು ಬೆರಳಿರಲಿ, ಉಗುರು ತೂರಿಸಲೂ ಸಂದಿರಲಿಲ್ಲ.

ನನಗೆ ಬಂದ ಸಿಟ್ಟು ಇಷ್ಟು ಅಷ್ಟಲ್ಲ. ಮೆಷಿನ್ನಿನ ಮೇಲಿದ್ದ ಕತ್ತರಿ ಎತ್ತಿಕೊಂಡೆ. ಅತ್ತೆ ಓಡಿಬಂದು ನನ್ನ ಮಣಿಕಟ್ಟು ಹಿಡಿದರು. ಕೊಬ್ಬರಿ ಸುಲಿಯುವ ಕೈ, ಬಿಡಿಸಿಕೊಳ್ಳಲಾಗಲಿಲ್ಲ.

"ಮುಟ್ಬೇಡಿ! ನೀವು ಆಸ್ಪತ್ರೆಯೋರಿಗೆ ದಾರ ಕಂಡ್ರೆ ಆಗಲ್ಲ. ಆಪ್ರೇಷನ್ನಿಗೆ ಮುಂಚೆ ನಾನು ಕಟ್ಟಿದ್ದ ದಾರಾನ ನರ್ಸಮ್ಮ ಕಚಕ್ ಅಂತ ಕತ್ತರ್ಸಿ ಕಸಕ್ಕೆ ಹಾಕ್ಬಿಟ್ಲು. ಅದಾದ್ಮೇಲೆ ಇವ್ಳು ಜ್ವರ ಬಂದು ಮಲಗಿದ್ದು. ನಾನು ಮರ್ತಿಲ್ಲ."

"ಹಾಗಂತ ಕೈ ಕಳ್ಕೊಳ್ಳೋ ಹಾಗೆ ಕಟ್ಟೋದಾ? ಯಾರು ಹೇಳಿದ್ದು ನಿಮಗೆ ಇದನ್ನ ಕಟ್ಟೋಕೆ?"

ಮುದುಕಿ ನನ್ನನ್ನು ವಿಚಿತ್ರವಾಗಿ ನೋಡಿದರು. "ನೀವೇ ಅಲ್ವೇನಮ್ಮ ಕಟ್ಟಿದ್ದು?"

ಕತ್ತರಿ ಹಿಡಿದ ಕೈ ಕೆಳಗಿಳಿಯಿತು. ನಾನು ಪಾಠದಲ್ಲಿ ಸುತ್ತಿ ಕಟ್ಟಿದ್ದ ದಾರವನ್ನು ಅವರು ರಕ್ಷೆಯ ದಾರ ಎಂದುಕೊಂಡಿದ್ದರು. ಬಾಗಿಲಲ್ಲಿ ಕೂತವರಿಗೆ ಮಾತು ಅರ್ಧ ಕೇಳಿಸಿರಬೇಕು, ಕಟ್ಟಿದ್ದು ಮಾತ್ರ ಪೂರ್ತಿ ಕಂಡಿತ್ತು. ನನ್ನ ಬರಿಯ ಹತ್ತಿಯದು ತಡೆಯುವುದಿಲ್ಲವೆಂದು ಅದನ್ನು ತೆಗೆದಿಟ್ಟು, ಬೇರೆ ಎಳೆಗಳನ್ನು ಸೇರಿಸಿ ಹುರಿಮಾಡಿ, ಅರಿಶಿನ ಹಚ್ಚಿ ದೇವರ ಮುಂದಿಟ್ಟು ಕಟ್ಟಿದ್ದರು. ಆಸ್ಪತ್ರೆಗೆ ಹೊರಡುವ ದಿನ ಮೈಲಿಗೆ ತಗಲಬಾರದೆಂದು ಬಿಚ್ಚಿ ದೇವರ ಗೂಡಿನಲ್ಲಿಟ್ಟು, ಮನೆಗೆ ಬಂದು ಸ್ನಾನವಾದ ಮೇಲೆ ಮತ್ತೆ ಕಟ್ಟುತ್ತಿದ್ದರು. ನನಗೆ ಕಡೂರಿನಲ್ಲಿ ಬರೀ ಗೆರೆ ಕಂಡಿದ್ದು ಅದಕ್ಕೆ.

"ಸರಿ, ಕಟ್ಟಿದ್ರಿ. ಇಷ್ಟು ಬಿಗಿ ಯಾಕೆ?"

"ಹಾವು ಕಚ್ಚಿದ್ರೆ ಮೇಲ್ಗಡೆ ಕಟ್ಟು ಹಾಕಲ್ವಾ? ತ್ವಾಟದಲ್ಲಿ ಎಷ್ಟು ಜನಕ್ಕೆ ಕಟ್ಟಿದೀನಿ ಈ ಕೈಲಿ. ಇದೂ ಹಂಗೇಯ. ಕೈ ಊದ್ತಾ ಬಂತು. ಆ ಕೆಟ್ಟ ನೀರು ಎದೆಗೆ ಹತ್ತಿ ಮತ್ತೆ ಅದೇ ರೋಗ ಬಂದ್ರೆ? ಅದಕ್ಕೇ ಊದಿದಂಗೆಲ್ಲಾ ಚೂರು ಚೂರು ಬಿಗಿ ಮಾಡ್ತಾ ಬಂದೆ."

ಊತ ಕಂಡಷ್ಟೂ ಅವರು ಬಿಗಿದಿದ್ದರು, ಬಿಗಿದಷ್ಟೂ ಕೈ ಊದಿತ್ತು. ಟೈಲರಮ್ಮ ಅಳುತ್ತಿದ್ದಳು. "ನಿಮ್ಮ ದಾರದ ಬದ್ಲು ಅರಿಶಿನದ ಹುರಿ ಕಟ್ಟಿದ್ದು ಗೊತ್ತಾದ್ರೆ ನೀವು ಕತ್ತರಿಸಿಬಿಡ್ತೀರ ಅಂತ ಅತ್ತೆ ಹೆದ್ರಿಕೊಂಡಿದ್ರು ಮೇಡಂ. ಬಿಗಿ ಬೇಡ ಅಂತ ನೀವು ಹೇಳಿದ್ದು ನೆನಪಿತ್ತು, ಆದ್ರೆ ರೋಗ ಮತ್ತೆ ಬಂದ್ರೆ ಅಂತ ನಂಗೂ ಹೆದರಿಕೆ."

ಕತ್ತರಿಸುವುದು ಒಂದು ಕ್ಷಣದ ಕೆಲಸ. ಆದರೆ ನಾನು ಬಸ್ಸು ಹತ್ತಿದ ಮೇಲೆ? ಹೊಸ ದಾರ ಹುರಿಯಾಗುತ್ತದೆ, ಈ ಸಲ ಇನ್ನೂ ಗುಟ್ಟಾಗಿ. ಆಸ್ಪತ್ರೆಗೆ ಬರುವುದನ್ನೇ ನಿಲ್ಲಿಸಿಬಿಡಬಹುದು. ಕತ್ತರಿಯನ್ನು ಮೆಷಿನ್ನಿನ ಮೇಲೆ ವಾಪಸ್ಸು ಇಟ್ಟೆ.

"ಅಜ್ಜಿ, ನಾನು ಕತ್ತರಿಸಲ್ಲ. ಇಲ್ಲಿ ಬನ್ನಿ, ನಿಮ್ಮ ಬೆರಳಲ್ಲೇ ನೋಡಿ."

ದಾರದ ಕೆಳಗೆ ಒತ್ತಿಸಿದೆ. ಗುಳಿ ಬಿತ್ತು. ದಾರದಿಂದ ಮೇಲಕ್ಕೆ, ಹೆಗಲ ಕಡೆ ಒತ್ತಿಸಿದೆ. ಬೀಳಲಿಲ್ಲ.

"ಮೇಲೆ ಹೋಗ್ಬೇಕಾದ ನೀರು ಇದು. ನಿಮ್ಮ ದಾರ ದಾಟೋಕಾಗದೆ ನಿಂತಿದೆ."

"ಮೇಲೆ ಹೋದ್ರೆ ಎದೆಗಲ್ವಾ ಹೋಗೋದು?"

"ಎದೆಗೆ ಹೋಗಿ ರಕ್ತಕ್ಕೆ ಸೇರುತ್ತೆ, ಉಚ್ಚೆಯಲ್ಲಿ ಹೊರಗೆ ಹೋಗುತ್ತೆ. ನಿಮ್ಮ ಕೈದೂ ಹಂಗೇ, ನನ್ನ ಕೈದೂ ಹಂಗೇ. ಇದ್ರಲ್ಲಿ ರೋಗ ಇಲ್ಲ. ಸ್ಕ್ಯಾನ್ ಮಾಡಿ ನೋಡಿದಾರಲ್ಲ."

"ಸ್ಕ್ಯಾನ್ ಮಾಡಿದೋರೂ ನಿಮ್ಮೋರೇಯ."

ನಗು ಬಂತು, ತಡೆದುಕೊಂಡೆ. ಅನುಮಾನದಲ್ಲಿ ಈ ಮುದುಕಿ ನನಗೆ ಅಕ್ಕನಾಗಬೇಕು. ಆಗ ಬೇರೆ ದಾರಿ ಹಿಡಿದೆ.

"ಮದುವೇಲಿ ಕಂಕಣ ಕಟ್ತೀರಲ್ಲ, ಅದನ್ನ ಹಂಗೇ ಬಿಟ್ಬಿಡ್ತೀರಾ?"

"ಎಲ್ಲಾದ್ರೂ ಉಂಟಾ? ಬಿಚ್ಚೋ ಶಾಸ್ತ್ರ ಮಾಡ್ಬೇಕಲ್ಲ."

"ಯಾರು ಬಿಚ್ತಾರೆ? ಕತ್ತರೀಲಿ ಕತ್ತರಿಸ್ತೀರಾ?"

"ಛೇ. ಕೈಯಲ್ಲೇ ಬಿಚ್ಚೋದು."

"ಈ ದಾರಾನೂ ಹಂಗೇ ಅಜ್ಜಿ. ಸುತ್ತಬೇಕು, ನೋಡಬೇಕು, ಬಿಚ್ಚಬೇಕು. ಬಿಚ್ಚೋದನ್ನ ತೋರಿಸೋ ಮೊದಲೇ ನೀವು ಬಸ್ಸಿಗೆ ಹೋಗ್ಬಿಟ್ರಿ. ಕಟ್ಟಿದ ಕೈಯಲ್ಲೇ ಬಿಚ್ಚಿ. ಸಂಜೆ ತನಕ ನಾನು ಇಲ್ಲೇ ಇರ್ತೀನಿ. ಕೈ ಹಗುರ ಆಗ್ಲಿಲ್ಲ ಅಂದ್ರೆ ಮತ್ತೆ ಕಟ್ಟಿ, ನಾನು ಈ ಕಡೆ ತಲೆ ಹಾಕಲ್ಲ."

ಕೊನೆಯ ಮಾತನ್ನು ದುಡುಕಿ ಆಡಿಬಿಟ್ಟಿದ್ದೆ. ವಾರಗಟ್ಟಲೆ ನಿಂತ ನೀರು ಒಂದು ಮಧ್ಯಾಹ್ನದಲ್ಲಿ ಕಣ್ಣಿಗೆ ಕಾಣುವಷ್ಟು ಇಳಿಯುತ್ತದೆಂದು ಯಾವ ಪುಸ್ತಕವೂ ನನಗೆ ಭರವಸೆ ಕೊಟ್ಟಿರಲಿಲ್ಲ. ಅತ್ತೆ ಸೊಸೆಯ ತೋಳನ್ನು ಇನ್ನೊಮ್ಮೆ ಒತ್ತಿ ನೋಡಿದರು. ಆಮೇಲೆ ಒಳಗೆ ಹೋಗಿ ಕೈ ತೊಳೆದು ಬಂದು, ಬಾಯಲ್ಲಿ ಏನೋ ಹೇಳಿಕೊಳ್ಳುತ್ತಾ, ಉಗುರಿನಿಂದ ಗಂಟು ಸಡಿಲಿಸಿದರು. ದಾರ ಮಾಂಸದಿಂದ ಎದ್ದು ಬಂತು. ಚರ್ಮ ಒಡೆದಿರಲಿಲ್ಲ, ಪುಣ್ಯ.

ನೀರು ಇಳಿಸುವ ನೀವುವಿಕೆಯನ್ನು ಅತ್ತೆಗೇ ಕಲಿಸಲು ಕೂತೆ. ಮೊದಲು ಟೈಲರಮ್ಮ ಆಳವಾಗಿ ಉಸಿರಾಡಬೇಕು. ಆಮೇಲೆ ಕುತ್ತಿಗೆಯ ಬುಡ, ನಂತರ ಎಡಗಂಕುಳು. ಅಲ್ಲಿ ದಾರಿ ತೆರವಾದ ಮೇಲೆ ಎದೆಯ ಮೇಲಿಂದ ಆ ಕಡೆಗೆ. ತೋಳಿನಲ್ಲಿ ಮೊದಲು ಮೇಲ್ಭಾಗ, ಕೊನೆಗೆ ಬೆರಳು. ಎಲ್ಲವೂ ಮೇಲ್ಮುಖವಾಗಿ, ಚರ್ಮ ಮಾತ್ರ ಸರಿಯುವಷ್ಟು ಹಗುರ. ಮುದುಕಿ ಕೈಯಿಟ್ಟರೆ ಸೊಸೆ ಹಾ ಎಂದಳು.

"ಅಜ್ಜಿ, ಮುದ್ದೆ ಕಟ್ತಿಲ್ಲ ನೀವು."

"ಹಿಂಗ್ ಮುಟ್ಟಿದ್ರೆ ಏನ್ ಇಳಿಯತ್ತೆ? ಇದು ಮುಟ್ಟಿದಂಗೂ ಅಲ್ಲ, ಬಿಟ್ಟಂಗೂ ಅಲ್ಲ," ಎಂದು ಗೊಣಗಿದರೂ ಕೈ ಹಗುರ ಮಾಡಿದರು. ಅಂಗೈಯ ಒರಟು ತಾಗದಿರಲೆಂದು ತಾವಾಗಿಯೇ ಎಣ್ಣೆ ಸವರಿಕೊಂಡರು.

ನೀವಿದೆವು, ತೋಳನ್ನು ದಿಂಬುಗಳ ಮೇಲೆ ಎತ್ತರಿಸಿಟ್ಟು ಮುಷ್ಟಿ ಮಾಡಿಸಿದೆವು, ಮತ್ತೆ ನೀವಿದೆವು. ನಡುವೆ ಊಟವಾಯಿತು. ಬಿಸಿಲು ಜಗಲಿಯಿಂದ ಇಳಿಯುವ ಹೊತ್ತಿಗೆ ಅತ್ತೆ ಒಳಗಿನಿಂದ ನನ್ನ ಹಳೆಯ ಹತ್ತಿ ದಾರವನ್ನು ಮತ್ತೆ ತಂದರು. ಜೋಪಾನವಾಗಿ ಇಟ್ಟಿದ್ದರು. ಹುರಿ ಬಿಚ್ಚಿದ ಕೂಡಲೇ ಅದನ್ನು ತರಿಸಿ ಸುತ್ತಿದಾಗ ಗಂಟುಗಳ ನಡುವೆ ಒಂದು ಬೆರಳು ದಾಟಿ ಸಂದಿತ್ತು. ಈಗ ಸುತ್ತಿದರೆ ಸಂದು ಕಿರಿದಾಗಿತ್ತು. ಪೂರ್ತಿ ಹೋಗಿರಲಿಲ್ಲ, ಆದರೆ ಬೆರಳಿಟ್ಟರೆ ಹಿಡಿಸುತ್ತಿರಲಿಲ್ಲ.

ಮುದುಕಿ ನಂಬಲಿಲ್ಲ. ನನ್ನ ಕೈಯಿಂದ ದಾರ ಕಸಿದು ತಾವೇ ಸುತ್ತಿದರು. ತುದಿ ಅದಲು ಬದಲು ಮಾಡಿ ಸುತ್ತಿದರು. ಬಳಿಕ ಹೆಬ್ಬೆರಳಿಂದ ಒತ್ತಿ, ಬಗ್ಗಿ, ಕಣ್ಣು ಹತ್ತಿರ ತಂದು ನೋಡಿದರು.

"ಹಗುರ ಆಗೈತೇನೇ?" ಎಂದು ಸೊಸೆಯನ್ನು ಕೇಳಿದರು.

ಟೈಲರಮ್ಮ ಬೆರಳುಗಳನ್ನು ಬಿಚ್ಚಿ ಮುಚ್ಚಿ, ಮೆಷಿನ್ನಿನ ಮೇಲಿದ್ದ ಕತ್ತರಿಯನ್ನು ಎತ್ತಿಕೊಂಡು ಗಾಳಿಯಲ್ಲಿ ಕಚಕ್ ಎನಿಸಿದಳು. "ಹ್ಞೂ ಅತ್ತೆ," ಎಂದಳು. ಮುದುಕಿ ಜಗಲಿಯ ಮೇಲೆ ಕುಸಿದು ಕೂತು, ಸೆರಗಿನಿಂದ ಮುಖ ಮುಚ್ಚಿಕೊಂಡರು.

ಹೊರಡುವ ಮುಂಚೆ ಕೆಲಸ ಹಂಚಿದೆ. ಸೋಮವಾರ ಪೂಜೆ ಮುಗಿದ ಮೇಲೆ ಅತ್ತೆಯೇ ದಾರ ಸುತ್ತಿ ನೋಡಬೇಕು, ನೋಡಿದ ತಕ್ಷಣ ಬಿಚ್ಚಿ ದೇವರ ಗೂಡಿನಲ್ಲಿ ಇಡಬೇಕು. ಉಳಿದ ಹೊತ್ತು ತೋಳಿನ ಮೇಲೆ ನೂಲೂ ಇರಕೂಡದು. ಸರ್ಜನ್ ಹೇಳಿದ ಅಳತೆಗೆ ನಾನು ತಂದಿದ್ದ ತೋಳುಚೀಲವನ್ನು, ಕಾಲುಚೀಲದ ಹಾಗೆ ತೋಳನ್ನು ಹಿಡಿಯುವ ಎಲಾಸ್ಟಿಕ್ ಬಟ್ಟೆಯನ್ನು, ಹಗಲು ತೊಡಬೇಕು. ಅದು ಎಲ್ಲ ಕಡೆಯೂ ಸಮನಾಗಿ ಅಮುಕುತ್ತದೆ, ದಾರದ ಹಾಗೆ ಒಂದೇ ಕಡೆ ಕುಯ್ಯುವುದಿಲ್ಲ ಎಂಬುದನ್ನು ಮುದುಕಿಗೆ ಒಪ್ಪಿಸಲು ಅದನ್ನು ಅವರದೇ ತೋಳಿಗೆ ಹಾಕಿ ತೋರಿಸಬೇಕಾಯಿತು.

ಅಲ್ಲಿಂದ ಮೂರೂ ಊರಿನ ಪಾಠ ಬದಲಾಯಿತು. ಜೊತೆಗೆ ಬಂದವರನ್ನು ಬಾಗಿಲಲ್ಲಿ ಕೂರಲು ಬಿಡುವುದಿಲ್ಲ. ಒಳಗೆ ಕರೆದು ಅವರ ಕೈಯಲ್ಲೇ ದಾರ ಸುತ್ತಿಸಿ, ಅವರ ಕೈಯಲ್ಲೇ ಬಿಚ್ಚಿಸುತ್ತೇನೆ. ತೋಳಿನ ಮೇಲೆ ದಾರದ ಬಾಲಗಳನ್ನಂತೂ ಎಂದೂ ಕಟ್ಟುವುದಿಲ್ಲ.

ಟೈಲರಮ್ಮ ತಪ್ಪದೆ ಬರುತ್ತಿದ್ದಳು. ಸುತ್ತಳತೆ ನಿಧಾನಕ್ಕೆ ಇಳಿಯಿತು, ನಡುವೆ ಒಮ್ಮೆ ಮುಳ್ಳು ಚುಚ್ಚಿ ಏರಿತು, ಮತ್ತೆ ಇಳಿಯಿತು. ಮಳೆಗಾಲ ಹಿಡಿದ ಮೇಲೆ ಒಂದು ದಿನ ಅತ್ತೆ ಸೊಸೆ ಇಬ್ಬರೂ ಕಡೂರಿಗೆ ಬಂದರು. ಟೈಲರಮ್ಮ ತಾನೇ ಹೊಲಿದ ಹೊಸ ರವಿಕೆ ತೊಟ್ಟಿದ್ದಳು. ಊರವರ ಕೆಲಸವನ್ನೂ ಚೂರು ಚೂರು ತೆಗೆದುಕೊಳ್ಳುತ್ತಿದ್ದೇನೆ, ನಡುನಡುವೆ ಕೈಗೆ ವಿರಾಮ ಕೊಡುತ್ತೇನೆ ಎಂದಳು. ನಾನು ನಂಬದೆ ತೋಳನ್ನು ಕಿಟಕಿಯ ಬೆಳಕಿಗೆ ತಿರುಗಿಸಿ ನೋಡಿದೆ. ಗೆರೆ ಇರಲಿಲ್ಲ. ಒತ್ತಿದೆ, ಗುಳಿ ಬೀಳಲಿಲ್ಲ. ಟೇಪು ಹಿಡಿದೆ, ಮೊದಲ ದಿನದ ಅಳತೆಗೆ ಬಂದಿತ್ತು. ಅತ್ತೆ ನನ್ನ ಟೇಪನ್ನು ನಂಬದೆ ಎಲೆಅಡಿಕೆ ಚೀಲದಿಂದ ಹತ್ತಿ ದಾರ ತೆಗೆದು ತಾವೊಮ್ಮೆ ಸುತ್ತಿ ನೋಡಿ, ಬಿಚ್ಚಿ, ಚೀಲಕ್ಕೆ ಹಾಕಿಕೊಂಡರು.

ಚೀಲದ ಬಾಯಿ ಬಿಗಿಯುವಾಗ ಅವರ ಸೆರಗು ಜಾರಿತು. ಬಲತೋಳಿನಲ್ಲಿ, ಮೊಣಕೈಗಿಂತ ಒಂದು ಗೇಣು ಮೇಲೆ, ಅರಿಶಿನದ ದಪ್ಪ ದಾರ. ಅದೇ ದಾರ, ಹುರಿಯ ಗುರುತು ನನಗೆ ಮರೆಯುವಂತಿರಲಿಲ್ಲ.

"ಅಜ್ಜಿ! ಇದೇನಿದು?"

ಈ ಸಲ ಉತ್ತರ ಬೇಗ ಬರಲಿಲ್ಲ. ಸೊಸೆ ಬೆಂಚಿನ ಆ ತುದಿಗೆ ಹೋಗಿ ಚೀಟಿ ಬರೆಸುತ್ತಿರುವುದನ್ನು ನೋಡಿಕೊಂಡು ಮುದುಕಿ ದನಿ ತಗ್ಗಿಸಿದರು.

"ಅವ್ಳ ಕೈಗೆ ಬ್ಯಾಡ ಅಂದ್ರಿ, ಬಿಚ್ದೆ. ನನ್ನ ಕೈಗೆ ಬ್ಯಾಡ ಅಂದಿಲ್ವಲ್ಲ. ಮತ್ತೆ ಬರೋದಿದ್ರೆ ನಂಗೇ ಬರ್ಲಿ ಅಂತ ದೇವ್ರಿಗೆ ಹೇಳಿ ಕಟ್ಕೊಂಡಿದೀನಿ. ಅವ್ಳಿಗೆ ಹೇಳ್ಬೇಡಿ ಕಣಮ್ಮ."

ಹುಟ್ಟುಗುಣ ಬಿಡಲಿಲ್ಲ. ಅವರ ತೋಳು ಹಿಡಿದು ದಾರದ ಕೆಳಗೆ ಬೆರಳು ತೂರಿಸಿ ನೋಡಿದೆ. ಎರಡೂ ಸಲೀಸಾಗಿ ಹೋದವು. ಸೆರಗು ಸರಿಮಾಡಿ, ಮುಂದಿನವರನ್ನು ಕರೆದೆ.